ನನಗಾಗಿ ಶ್ರುತಿ ಇಳಿಸಿಕೊಂಡವರಿಗೆ

ಮೊನ್ನೆ ಭಾನುವಾರ ಸಂಜೆ ದಾವಣಗೆರೆಯಲ್ಲಿ ಒಂದೂವರೆ ತಾಸು ನಾನೊಬ್ಬನೇ ಹಾಡಿದೆ. ವಚನ, ತತ್ವಪದ, ಕೊನೆಗೆ ಎರಡು ರಂಗಗೀತೆ. 80 ಕುರ್ಚಿ ಹಾಕಿಸಿದ್ದೆವು, ತಡವಾಗಿ ಬಂದವರು ಗೋಡೆಗೆ ಒರಗಿ ನಿಂತೇ ಕೇಳಿದರು. ನಾನು ವೇದಿಕೆ ಹತ್ತಲು ಶುರು ಮಾಡಿ ಒಂದು ವರ್ಷವಾಯಿತು, ಇದು 19ನೆಯ ಕಾರ್ಯಕ್ರಮ. ಮುಗಿದ ಮೇಲೆ ನಾಲ್ಕು ಮಾತು ಹೇಳಬೇಕೆಂದು ಮೈಕ್ ಹಿಡಿದೆ, ಗಂಟಲು ಕಟ್ಟಿತು. ಕೈ ಮುಗಿದು ಕೆಳಗಿಳಿದೆ. ಅವತ್ತು ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ.

ಮೊದಲ ನಮಸ್ಕಾರ ತಬಲಾ ಅಣ್ಣನಿಗೆ. ಪಂಚಾಕ್ಷರ ಗವಾಯಿಗಳು ಕಟ್ಟಿದ, ಪುಟ್ಟರಾಜ ಗವಾಯಿಗಳು ಬೆಳೆಸಿದ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು. ಅವರಿಗೆ ಕಣ್ಣು ಕಾಣುವುದಿಲ್ಲ. ಕಳೆದ ವರ್ಷ ನಮ್ಮ ಓಣಿಯ ಗಣಪತಿ ಪೆಂಡಾಲಿನಲ್ಲಿ ನಾನು ಮೊದಲ ಸಲ ಹಾಡಿದಾಗ ಪಕ್ಕದಲ್ಲಿ ಕೂತವರು ಅವರೇ. ಮನೆಯಲ್ಲಿ ಅಭ್ಯಾಸ ಮಾಡುವಾಗ ನನಗೆ ಕಪ್ಪು ಎರಡು, ಅಂದರೆ ಹಾರ್ಮೋನಿಯಂನ ಎರಡನೆಯ ಕಪ್ಪು ಮನೆಯ ಶ್ರುತಿ, ಹಿತವಾಗಿತ್ತು. ಜನರ ಮುಂದೆ ಎದೆ ಹೊಡೆದುಕೊಳ್ಳುವಾಗ ಅದೇ ಕಪ್ಪು ಎರಡು ಬೆಟ್ಟದಷ್ಟು ಎತ್ತರವಾಯಿತು. ಎರಡನೆಯ ಪದದ ಅಂತರಾಕ್ಕೆ, ಸ್ವರ ಮೇಲೇರುವ ಭಾಗಕ್ಕೆ, ಬರುವಷ್ಟರಲ್ಲಿ ದನಿ ಸೀಳತೊಡಗಿತು. ಹಾಡು ಹೇಗೋ ಮುಗಿಸಿದೆ. ಎದ್ದು ಹೋಗಿಬಿಡಲೇ ಎನ್ನಿಸಿತ್ತು.

ಅಣ್ಣ ನನ್ನ ಕಡೆ ಬಾಗಿ, "ಕಪ್ಪು ಒಂದಕ್ಕೆ ಬಾ. ನಾನು ಇಳಿಸ್ಕೋತೀನಿ, ಅಲ್ಲಿ ತನಕ ಏನಾದ್ರೂ ಮಾತಾಡ್ತಿರು" ಅಂದರು.

ಹಾರ್ಮೋನಿಯಂ ನುಡಿಸುವವನಿಗೆ ಶ್ರುತಿ ಬದಲಿಸುವುದು ಸುಲಭ, ಬೆರಳು ಬೇರೆ ಮನೆಗೆ ಹೋದರೆ ಆಯಿತು. ತಬಲಾದವರಿಗೆ ಹಾಗಲ್ಲ. ಬಾರಿನ ಕೆಳಗಿನ ಮರದ ಗಟ್ಟಾಗಳನ್ನು ಒಂದೊಂದಾಗಿ ಸುತ್ತಿಗೆಯಿಂದ ಮೇಲಕ್ಕೆ ತಟ್ಟಬೇಕು, ಚರ್ಮದ ಬಿಗಿ ಸಡಿಲಿಸಬೇಕು, ಸುತ್ತಲೂ ಒಂದೇ ನಾದ ಬರುತ್ತದೆಯೇ ಎಂದು ಕಿವಿಗೊಟ್ಟು ನೋಡಬೇಕು. ಅವರು ಆ ಕೆಲಸ ಮಾಡುತ್ತಿದ್ದರೆ ನಾನು ಮಂಡಿಪೇಟೆಯ ಅಂಗಡಿಯಲ್ಲಿ ಲೆಕ್ಕ ಬರೆಯುತ್ತ ಗುನುಗುವುದು, ಮೂವತ್ತು ದಾಟಿದ ಮೇಲೆ ಪೇಟಿ (ಹಾರ್ಮೋನಿಯಂ) ಕಲಿತದ್ದು, ಎಲ್ಲ ಹೇಳಿದೆ. ಜನ ಸುಮ್ಮನೆ ಕೇಳಿದರು. ಮುಂದೆ ಕೂತಿದ್ದ ಅಜ್ಜಿಯೊಬ್ಬರು "ಹೆದರಬ್ಯಾಡಪ್ಪಾ, ಹೇಳು" ಅಂದರು. ಆಮೇಲೆ ಹಾಡಿದ ಮೂರು ಪದ ಹೇಗೆ ಬಂದವೋ ನನಗೆ ಇವತ್ತಿಗೂ ಆಶ್ಚರ್ಯ. ಅಣ್ಣ ಆ ರಾತ್ರಿಯ ಬಗ್ಗೆ ಯಾರ ಹತ್ತಿರವೂ ಆಡಿಕೊಂಡಿಲ್ಲ. "ಗಂಟಲು ಎಲ್ಲಿದೆಯೋ ಶ್ರುತಿ ಅಲ್ಲಿರಬೇಕು" ಎಂದಷ್ಟೇ ಹೇಳಿದರು.

ನನಗೆ ಪೇಟಿ ಕಲಿಸಿದ ಮಾಸ್ತರು ನಾಟಕ ಕಂಪನಿಗಳಲ್ಲಿ ಕಾಲು ಪೇಟಿ, ಅಂದರೆ ಕಾಲಿನಿಂದ ಗಾಳಿ ಒತ್ತುವ ಹಾರ್ಮೋನಿಯಂ, ನುಡಿಸಿದವರು. ರಂಗನಟಿ ಚಿಂದೋಡಿ ಲೀಲಾ ಅವರ ಊರಾದ ದಾವಣಗೆರೆಯಲ್ಲಿ ನಾಟಕ ಕಂಪನಿಯ ನೆನಪು ಇರುವ ಮನೆಗಳಿಗೆ ಬರವಿಲ್ಲ. ಮೈಕ್ ಇಲ್ಲದ ಕಾಲದಲ್ಲಿ ಕೊನೆಯ ಸಾಲಿಗೂ ಕೇಳಲೆಂದು ನಟರು ಏರು ಶ್ರುತಿಯಲ್ಲಿ ಹಾಡುತ್ತಿದ್ದರಂತೆ, ಅದನ್ನು ಹೇಳುವಾಗ ಮಾಸ್ತರ ಕಣ್ಣು ಹೊಳೆಯುತ್ತದೆ. ನಾನು ಕಪ್ಪು ಒಂದಕ್ಕೆ ಇಳಿದೆ ಎಂದಾಗ ಬೇಸರ ಮಾಡಿಕೊಳ್ಳುತ್ತಾರೇನೋ ಎಂದು ಅಂಜಿದ್ದೆ. "ಈಗ ಮೈಕ್ ಐತಲ್ಲೋ ತಮ್ಮಾ" ಅಂದರು. ಮಾಸ್ತರೇ, ನಿಮ್ಮ ಕಾಲಿಗೆ ನಮಸ್ಕಾರ.

ನಡುವೆ ಒಂದು ಕೆಟ್ಟ ರಾತ್ರಿ ಬಂತು. ಊರ ಹೊರಗಿನ ಒಂದು ಕಾರ್ಯಕ್ರಮದಲ್ಲಿ ಏಳು ಗಂಟೆಗೆ ಹಾಡಿಸುತ್ತೇವೆ ಎಂದವರು ಹನ್ನೆರಡಾದರೂ ಕರೆಯಲಿಲ್ಲ. ಭಾಷಣ, ಸನ್ಮಾನ, ಮತ್ತೆ ಭಾಷಣ. ನನ್ನ ಹೆಸರು ಕೂಗಿದಾಗ ಕುರ್ಚಿಗಳು ಖಾಲಿ. ಮೈಕ್‌ಸೆಟ್ ಅಣ್ಣ ಅಷ್ಟು ಹೊತ್ತಿಗೆ ವೈರು ಸುತ್ತಿ ಗಾಡಿಗೆ ಹಾಕಬಹುದಿತ್ತು. ಹಾಕಲಿಲ್ಲ. ಎಕೋ ಪೂರ್ತಿ ಇಳಿಸಿ, ಸ್ಪೀಕರಿನ ಶಿಳ್ಳೆ ನಿಲ್ಲಿಸಿ, ತಾನೇ ಮುಂದಿನ ಕುರ್ಚಿಯಲ್ಲಿ ಕೂತು ಮೂರು ಪದ ಕೇಳಿದರು. ಅದಾದ ಮೇಲೆ ಎರಡು ತಿಂಗಳು ನಾನು ಪೇಟಿ ಮುಟ್ಟಲಿಲ್ಲ. ಮತ್ತೆ ಮುಟ್ಟಿದ್ದು ಆ ಮನುಷ್ಯ ಕೂತು ಕೇಳಿದ ರೀತಿ ನೆನಪಾಗಿ.

ನಮ್ಮ ಅಂಗಡಿ ಯಜಮಾನರನ್ನೂ ನೆನೆಯಬೇಕು. ಮೆಕ್ಕೆಜೋಳದ ಸುಗ್ಗಿಯಲ್ಲಿ ಲಾರಿ ಮೇಲೆ ಲಾರಿ ಬರುವಾಗ ಗುಮಾಸ್ತನನ್ನು ನಾಲ್ಕಕ್ಕೆ ಬಿಟ್ಟು ಕಳಿಸುವುದು ಸಣ್ಣ ಮಾತಲ್ಲ.

ಈ ವರ್ಷದಲ್ಲಿ ಒಂದೇ ರಾತ್ರಿಯನ್ನು ಇಟ್ಟುಕೊಳ್ಳಿ ಎಂದರೆ ಜಗಳೂರು ಕಡೆಯ ಹಳ್ಳಿಯ ಅಮಾವಾಸ್ಯೆ ಭಜನೆಯನ್ನು ಇಟ್ಟುಕೊಳ್ಳುತ್ತೇನೆ. (1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾದರೂ ನಮ್ಮಪ್ಪನಿಗೆ ಜಗಳೂರು ಇನ್ನೂ ಚಿತ್ರದುರ್ಗ ಜಿಲ್ಲೆಯೇ.) ವೇದಿಕೆ ಇರಲಿಲ್ಲ, ಗುಡಿ ಕಟ್ಟೆ ಮೇಲೆ ಚಾಪೆ. ನಾನು ಪಲ್ಲವಿ ಹೇಳಿ ಮುಗಿಸುವ ಮೊದಲೇ ಹಿಂದಿನಿಂದ ತಾಳ, ಚಿಟಿಕೆಗಳೊಂದಿಗೆ ಇಪ್ಪತ್ತು ದನಿ ಅದನ್ನು ಎತ್ತಿಕೊಂಡವು. ನನಗೆ ಉಸಿರು ತೆಗೆದುಕೊಳ್ಳಲು ಜಾಗ ಸಿಕ್ಕಿತು. ಮೂರನೆಯ ನುಡಿಗೆ ಬಂದಾಗ ಹೊದ್ದುಕೊಂಡು ಕೂತಿದ್ದ ಮುದುಕರೊಬ್ಬರು ಕೈ ಎತ್ತಿ, "ಆ ಸಾಲು ಇನ್ನೊಂದ್ಸಲ ಹೇಳ್ರಿ" ಅಂದರು. ಹೇಳಿದೆ. ಮತ್ತೊಮ್ಮೆ ಅಂದರು. ನಾಲ್ಕನೆಯ ಸಲ ಹೇಳುವಾಗ ಆ ಸಾಲಿನ ಅರ್ಥ ನನಗೆ ಹೊಳೆಯಿತು. ಐದು ವರ್ಷದಿಂದ ಹಾಡುತ್ತಿದ್ದ ಪದ ಅದು, ಮನೆಯಲ್ಲಿ, ಕದ ಮುಚ್ಚಿಕೊಂಡು. ಬೆಳಗಿನ ಜಾವ ಹೆಂಗಸರು ಕಸ ಮುಸುರೆಗೆಂದು ಎದ್ದು ಹೋಗುವಾಗ ಅದೇ ಪಲ್ಲವಿ ಗುನುಗುತ್ತಿದ್ದರು. ಮಂಡಕ್ಕಿ, ಮೆಣಸಿನಕಾಯಿ ಬೋಂಡಾ ಪೊಟ್ಟಣ ಕಟ್ಟಿ ಕೊಟ್ಟರು. ದಾವಣಗೆರೆ ಬಸ್ಸಿನಲ್ಲಿ ತಬಲಾ ಅಣ್ಣನ ಪಕ್ಕ ಕೂತು ಅದನ್ನು ತಿನ್ನುವಾಗ ನಾನು ಅತ್ತದ್ದು ಅವರಿಗೆ ಗೊತ್ತಾಯಿತು. ಏನೂ ಕೇಳಲಿಲ್ಲ, ನನ್ನ ಮೊಣಕಾಲಿನ ಮೇಲೆ ಮೆಲ್ಲಗೆ ತಾಳದ ಠೇಕಾ ಹಿಡಿದರು.

ಭಾನುವಾರ ಬಂದ ನೀವೆಲ್ಲ, ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡವರು, ಅಂಗಡಿಯಿಂದ ನೇರವಾಗಿ ಬಂದ ಹಮಾಲಿ ಅಣ್ಣಂದಿರು, ಗೋಡೆಗೆ ಒರಗಿ ನಿಂತವರು, ಕೊನೆಯ ಪದಕ್ಕೆ ದನಿಗೂಡಿಸಿದಿರಿ. ಆಗ ನಾನು ಸ್ವಲ್ಪ ಹೊತ್ತು ಹಾಡುವುದನ್ನು ನಿಲ್ಲಿಸಿ ನಿಮ್ಮನ್ನು ಕೇಳುತ್ತ ಕೂತಿದ್ದೆ.

ಜಗಳೂರು ಕಡೆಯಿಂದ ಮತ್ತೆ ಕರೆ ಬಂದಿದೆ, ಬರುವ ಅಮಾವಾಸ್ಯೆಗೆ. ಅಣ್ಣ ತಬಲಾಕ್ಕೆ ಹೊಸ ಚರ್ಮ ಹಾಕಿಸಿದ್ದಾರೆ, ಕಪ್ಪು ಒಂದಕ್ಕೇ ಕೂರಿಸಿ ಇಟ್ಟಿದ್ದಾರೆ.