ಸೆನ್ಸರಿ ರೂಮ್ ಶನಿವಾರದಿಂದ ಮತ್ತೆ ಶುರು

ಎಲ್ಲರಿಗೂ ನಮಸ್ಕಾರ.

ಈ ಶನಿವಾರ ಬೆಳಿಗ್ಗೆ 10ರಿಂದ ಸೆನ್ಸರಿ ರೂಮ್ (ವಿಶೇಷ ಅಗತ್ಯದ ಮಕ್ಕಳು ಬೆಳಕು, ಬಣ್ಣ, ಸ್ಪರ್ಶದ ಜೊತೆ ಆಡುವ ಕೋಣೆ) ಮತ್ತೆ ತೆರೆಯುತ್ತದೆ. ಗುಳ್ಳೆ ಏಳುವ, ಬಣ್ಣದ ದೀಪವಿರುವ ನೀರಿನ ಕೊಳವೆ, ಅಂದರೆ ಬಬಲ್ ಟ್ಯೂಬಿನ ನೀರು ಬದಲಾಯಿಸಿ, ಅದಕ್ಕೆ ದೊಡ್ಡ ಗುಂಡಿಯ ಸ್ವಿಚ್ ಜೋಡಿಸಿದ್ದೇವೆ. ಬೆರಳು ಸರಿಯಾಗಿ ಆಡದ ಮಕ್ಕಳು ಅಂಗೈಯಿಂದಲೋ ಮೊಣಕೈಯಿಂದಲೋ ಒತ್ತಿ ತಾವೇ ಬಣ್ಣ ಬದಲಿಸಬಹುದು. ತಾನು ಒತ್ತಿದ್ದಕ್ಕೇ ಬಣ್ಣ ಬದಲಾಯಿತು ಅಂತ ಮಗುವಿಗೆ ಗೊತ್ತಾಗಬೇಕು, ಅಲ್ವಾ? ಹಾಗಾಗಿ ದಯವಿಟ್ಟು ನೀವು ಒತ್ತಬೇಡಿ, ಸ್ವಲ್ಪ ಕಾಯಿರಿ. (ಆ ಗುಂಡಿ ಅಪ್ಪಂದಿರಿಗೇ ಜಾಸ್ತಿ ಇಷ್ಟ ಅಂತ ಗೊತ್ತು!)

ಮೂರ್ಛೆ ರೋಗ ಇರುವ ಮಕ್ಕಳ ಪೋಷಕರು ಮೊದಲೇ ತಿಳಿಸಲೇಬೇಕು. ಸೆಕೆಂಡಿಗೆ 3ಕ್ಕಿಂತ ಹೆಚ್ಚು ಸಲ ಮಿನುಗುವ ಬೆಳಕು ಕೆಲವರಲ್ಲಿ ಫಿಟ್ಸ್ ತರಿಸಬಹುದು. ದೀಪಗಳು ನಿಧಾನವಾಗಿ ಬಣ್ಣ ಬದಲಿಸುವ ಹಾಗೆ ಇಟ್ಟಿದ್ದೇವೆ, ಆ ಸೆಟ್ಟಿಂಗ್ ಮುಟ್ಟಬೇಡಿ. ಟ್ಯೂಬಿನ ಪಂಪಿನ ಸದ್ದು ಆಗದ ಮಕ್ಕಳಿಗೆ ಕಿವಿ ಮುಚ್ಚುವ ಇಯರ್ ಮಫ್ ಇದೆ.

ಒಮ್ಮೆಗೆ ಇಬ್ಬರು ಮಕ್ಕಳು, 30 ನಿಮಿಷ. ಚಪ್ಪಲಿ ಹೊರಗೆ, ಮೊಬೈಲ್ ಸೈಲೆಂಟ್. ಮಗು ಕಿವಿ ಮುಚ್ಚಿಕೊಂಡರೆ, ಮುಖ ತಿರುಗಿಸಿದರೆ ಬಲವಂತ ಬೇಡ, ಸುಮ್ನೆ ಹೊರಗೆ ಕರೆದುಕೊಂಡು ಬನ್ನಿ.

ಗುರುವಾರ ಸಂಜೆಯೊಳಗೆ ಮಗುವಿನ ಹೆಸರು, ಬೇಕಾದ ಸಮಯ ಇಲ್ಲೇ ಹಾಕಿ. ಫಿಟ್ಸ್ ವಿಷಯ ಮಾತ್ರ ಗುಂಪಿನಲ್ಲಿ ಬೇಡ, ನನಗೆ ನೇರವಾಗಿ ಕಳಿಸಿ.