ಫೋನ್ ಬರುವ ಮೊದಲು

ಪ್ರೀತಿಯ ಸುಮಾ,

ನಿನ್ನ ಕಾಗದ ಸಿಕ್ಕಿತು. ಮನೆ ವಿಷಯ ಎಲ್ಲ ನಿನ್ನ ಅಮ್ಮ ಮೊದಲೇ ಹೇಳಿದ್ದಳು, ಅದಿರಲಿ. ಹಡಗಿನಲ್ಲಿರುವ ನಿನ್ನ ಪ್ರವೀಣನಿಗೆ ಏನಾದರೂ ಆದರೆ ಅಂತ ಹೆದರಿ ಕೊನೆಯಲ್ಲಿ ಬರೆದಿದ್ದೀಯಲ್ಲ, "ದೊಡ್ಡಮ್ಮಾ, ಅವರ ಫೋನ್ ಬರುವ ಮೊದಲೇ ಟಿವಿಯವರು ಹೇಳಿಬಿಟ್ಟರೆ?" ಅಂತ. ಆ ಮಾತು ನನ್ನನ್ನು ಬಿಡುತ್ತಿಲ್ಲ ಮಾರಾಯ್ತಿ.

ಟಿವಿಯವರು ಮೊದಲು ಹೇಳಬಹುದು. ಆದರೆ ಏನು ಹೇಳುತ್ತಾರೆ? 2023ರ ಡಿಸೆಂಬರ್ 23 ನೆನಪಿದೆಯಾ? ಸೌದಿಯಿಂದ ನಮ್ಮ ಮಂಗಳೂರಿಗೇ ಬರುತ್ತಿದ್ದ ಕೆಮ್ ಪ್ಲೂಟೊ ಹಡಗಿಗೆ ಅರಬ್ಬೀ ಸಮುದ್ರದಲ್ಲಿ ಡ್ರೋನ್ ಬಡಿಯಿತು. ಒಬ್ಬರು ಇಸ್ರೇಲಿನ ನಂಟಿನ ಹಡಗು ಅಂದರು. ಇನ್ನೊಬ್ಬರು ಲೈಬೀರಿಯಾದ್ದು, ಮತ್ತೊಬ್ಬರು ಜಪಾನಿನದು. ಧ್ವಜ ಲೈಬೀರಿಯಾದ್ದು, ಮಾಲೀಕರು ಜಪಾನಿನವರು, ನಡೆಸುವವರು ನೆದರ್ಲೆಂಡ್ಸ್‌ನವರು, ಒಳಗೆ ದುಡಿಯುವವರು ಹೆಚ್ಚಿನವರು ನಮ್ಮವರು. ಒಂದು ಹಡಗಿಗೆ ಇಷ್ಟು ಊರುಗಳಿರುತ್ತವೆ. ತಲೆಬರಹಕ್ಕೆ ಯಾವುದು ಬೇಕೋ ಆ ಊರನ್ನು ಎತ್ತಿಕೊಳ್ಳುತ್ತಾರೆ. ಡ್ರೋನ್ ಇರಾನಿನಿಂದ ಬಂತು ಅಂತ ಅಮೆರಿಕ ಹೇಳಿತು, ಇರಾನ್ ಅಲ್ಲ ಅಂತು. ಎರಡು ದಿನ ಅದೇ ಜಗಳ. ಒಳಗಿದ್ದವರಿಗೆ ಏನೂ ಆಗಿಲ್ಲ, ನಮ್ಮ ಕೋಸ್ಟ್ ಗಾರ್ಡ್‌ನ ವಿಕ್ರಮ್ ಹಡಗು ಜೊತೆಗಿದ್ದು ಮುಂಬೈಗೆ ಕರೆತರುತ್ತಿದೆ ಅನ್ನುವುದನ್ನು ಹುಡುಕಿ ಓದಬೇಕಾಯಿತು.

ಅದೇ ದಿನ ಕೆಂಪು ಸಮುದ್ರದಲ್ಲಿ ಸಾಯಿಬಾಬಾ ಅನ್ನುವ ಹಡಗಿಗೂ ದಾಳಿ. ಭಾರತದ ಧ್ವಜದ ಹಡಗು ಅಂತ ಅಮೆರಿಕದ ಸೇನೆಯೇ ಹೇಳಿತ್ತು. ಅಲ್ಲ, ಗ್ಯಾಬೊನ್ ದೇಶದ್ದು, ಒಳಗಿರುವ 25 ಮಂದಿ ಭಾರತೀಯರು, ಎಲ್ಲರೂ ಕ್ಷೇಮ ಅಂತ ನಮ್ಮ ನೌಕಾಪಡೆ ತಿದ್ದಿತು. ದೊಡ್ಡ ಸೇನೆಯವರ ಮೊದಲ ಮಾತೇ ಹೀಗಾದರೆ ಚಾನೆಲ್‌ನವರದ್ದು ಇನ್ನೇನು?

ನನ್ನ ಕಾಲದಲ್ಲಿ ನಮ್ಮ ಮನೆಯಲ್ಲಿ ಟಿವಿ ಇರಲಿಲ್ಲ, ರೇಡಿಯೋ ಇತ್ತು. ಇರಾನ್–ಇರಾಕ್ ಯುದ್ಧದ ಕಾಲ. 1984ರಿಂದ ಎರಡೂ ಕಡೆಯವರು ಎಣ್ಣೆ ಹಡಗುಗಳಿಗೇ ಹೊಡೆಯತೊಡಗಿದ್ದರು. ನಿನ್ನ ದೊಡ್ಡಪ್ಪ ಎಣ್ಣೆ ತುಂಬಲು ಇರಾನಿನ ಖಾರ್ಗ್ ದ್ವೀಪಕ್ಕೆ ಹೋಗುತ್ತಿದ್ದ ಟ್ಯಾಂಕರಿನಲ್ಲಿ. ವಾರ್ತೆಯಲ್ಲಿ 'ಕೊಲ್ಲಿಯಲ್ಲಿ ಒಂದು ಟ್ಯಾಂಕರ್‌ಗೆ ಬೆಂಕಿ' ಅನ್ನುತ್ತಿದ್ದರು. ಹೆಸರಿಲ್ಲ, ಜನರ ಸುದ್ದಿಯಿಲ್ಲ. ಕೆಲವು ದಿನ ಬಿಟ್ಟು ಅವರ ಕಾಗದ ಬರುತ್ತಿತ್ತು. ಒಡೆದು ನೋಡಿದರೆ ತಾರೀಕು ಆ ಬೆಂಕಿಗಿಂತ ಹಿಂದಿನದು. ಹಲಸಿನ ಹಪ್ಪಳ ಮುಗಿಯಿತು ಅಂತ ಬರೆದಿರುತ್ತಿದ್ದರು. ಅದನ್ನು ಹಿಡಿದುಕೊಂಡು ಅಳಬೇಕೋ ನಗಬೇಕೋ ಗೊತ್ತಾಗುತ್ತಿರಲಿಲ್ಲ.

ಊರಿಗೆ ಬಂದಾಗ ಅಲ್ಲಿ ಏನು ನೋಡಿದಿರಿ ಅಂತ ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಕೇಳಿದ್ದರೆ ಆ ರಾತ್ರಿಗಳು ಸ್ವಲ್ಪ ಹಗುರವಾಗುತ್ತಿದ್ದವೇನೋ. ಈಗ ಕೇಳೋಣ ಅಂದರೆ ಅವರಿಲ್ಲ. ನೀನು ಕೇಳು. ಯಾವ ದಾರಿ, ಯಾವ ಬಂದರು, ಯಾವಾಗ ನೆಟ್‌ವರ್ಕ್ ಇರುವುದಿಲ್ಲ, ಎಲ್ಲ ಕೇಳು.

ಬುದ್ಧಿ ಹೇಳುವಷ್ಟು ನನಗೇನೂ ಗೊತ್ತಿಲ್ಲ. ಆದರೂ ಹಡಗಿನ ಐಎಂಒ ನಂಬರ್ ಬರೆದಿಟ್ಟುಕೊ, ಹಡಗಿನ ಗುರುತಿನ ಸಂಖ್ಯೆ ಅದು, ಏಳು ಅಂಕೆ. ಹಡಗಿನ ಹೆಸರು ಬದಲಾಗುತ್ತದೆ, ಧ್ವಜ ಬದಲಾಗುತ್ತದೆ, ಈ ನಂಬರ್ ಬದಲಾಗುವುದಿಲ್ಲ. ಒಂದೇ ಹೆಸರಿನ ಹಡಗುಗಳೂ ಬೇಕಾದಷ್ಟಿವೆ. ಫೋನಿನ ಮ್ಯಾಪಿನಲ್ಲಿ ಹಡಗು ಕಾಣಿಸಲಿಲ್ಲ ಅಂತಲೂ ಹೆದರಬೇಡ. ಅಪಾಯದ ಕಡೆ ಹೋಗುವಾಗ ಹಡಗು ಎಲ್ಲಿದೆ ಅಂತ ತಿಳಿಸುವ ಎಐಎಸ್ ಯಂತ್ರವನ್ನು ಅವರೇ ಆಫ್ ಮಾಡುವುದುಂಟು.

ಹಡಗುಗಳಿಗೆ ಅಪಾಯದ ಎಚ್ಚರಿಕೆ ಕೊಡುವ, ಬ್ರಿಟಿಷರ ಯುಕೆಎಂಟಿಒ ಅಂತ ಒಂದು ಕಚೇರಿ ಇದೆ. ಪಕ್ಕದ ಮನೆಯ ಕ್ಯಾಪ್ಟನ್ ತೋರಿಸಿದರು. ಅದರ ಎಚ್ಚರಿಕೆಯಲ್ಲಿ ನಾಲ್ಕು ಸಾಲು ಇರುತ್ತದೆ: ಎಲ್ಲಿ, ಯಾವಾಗ, ಏನಾಯಿತು, ಸಿಬ್ಬಂದಿ ಹೇಗಿದ್ದಾರೆ. ಹೊಡೆದವರು ಯಾರು ಅಂತ ಇರುವುದಿಲ್ಲ, ಹಡಗಿನ ಹೆಸರೂ ಸಾಮಾನ್ಯವಾಗಿ ಇರುವುದಿಲ್ಲ. ಆ ಖಾಲಿ ಬಿಟ್ಟ ಜಾಗವನ್ನೇ ಟಿವಿಯವರು ರಾತ್ರಿಯಿಡೀ ತುಂಬುವುದು.

ಎಲ್ಲ ಸುಳ್ಳು ಅಂತ ನಿನ್ನನ್ನು ಸಮಾಧಾನ ಮಾಡಲಾರೆ. 2025ರ ಜೂನ್‌ನಲ್ಲಿ ವಾನ್ ಹೈ 503 ಅನ್ನುವ ಕಂಟೇನರ್ ಹಡಗು ಕೇರಳದಾಚೆ ಸಮುದ್ರದಲ್ಲಿ ಹೊತ್ತಿಕೊಂಡಾಗ 22 ಮಂದಿಯಲ್ಲಿ 18 ಮಂದಿಯನ್ನು ಮಂಗಳೂರಿಗೆ ತಂದರು. ನಾಲ್ವರು ಕಾಣೆ. ನಾನು ನೋಡಿದ ಸುದ್ದಿಯಲ್ಲೆಲ್ಲ ಹೊಗೆ, ಕಂಟೇನರ್, ಅದರಲ್ಲಿ ಏನಿತ್ತು ಅನ್ನುವುದೇ. ಆ ನಾಲ್ಕು ಮನೆಗಳಿಗೆ ಯಾರು ಮೊದಲು ಹೇಳಿದರೋ.

ನೋಡು, ಮತ್ತೆ ಅಲ್ಲಿಗೇ ಬಂದೆ. ಕಂಪನಿಯ ಆಫೀಸಿನಲ್ಲಿ ನಿನ್ನ ಈಗಿನ ನಂಬರ್ ಇದೆಯಾ? ಮನೆ ಬದಲಿಸಿದ ಮೇಲೆ ಕೊಟ್ಟಿದ್ದೀಯಾ? ಏನಾದರೂ ಆದರೆ ಅವರು ಕರೆಯುವುದು ಆ ನಂಬರಿಗೇ. ನಾಳೆಯೇ ವಿಚಾರಿಸು. ಮುಂಬೈನ ಡಿಜಿ ಶಿಪ್ಪಿಂಗ್‌ನವರ, ಅಂದರೆ ಹಡಗುಗಳನ್ನು ನೋಡಿಕೊಳ್ಳುವ ಸರ್ಕಾರಿ ಕಚೇರಿಯವರ, ನಂಬರನ್ನೂ ಇಟ್ಟುಕೊ. ಸಿಕ್ಕಿದ್ದನ್ನೆಲ್ಲ ನಮ್ಮ ಗ್ರೂಪಿಗೆ ಹಾಕುವ ನಿನ್ನ ಮಾವನಿಗೆ ಹಾಗೆ ಹಾಕಬೇಡ ಅಂತ ನಾನು ಹೇಳಿದ್ದೇನೆ. ಕೇಳುತ್ತಾನೋ ಇಲ್ಲವೋ.

ಪ್ರವೀಣನ ಹಡಗಿನ ನಂಬರ್ ನನಗೂ ಕಳಿಸು. ರಾತ್ರಿ ಎಷ್ಟು ಹೊತ್ತಾದರೂ ಫೋನ್ ಮಾಡು, ಟಿವಿ ಆಫ್ ಮಾಡಿ ಮಾಡು. ನನಗೂ ನಿದ್ದೆ ಕಡಿಮೆ.

ನಿನ್ನ
ದೊಡ್ಡಮ್ಮ