ಕನ್ನಡ ನೋಟ್‌ಬುಕ್ಕಿನಲ್ಲಿ ಚಿತ್ರಕ್ಕೂ ಜಾಗ ಕೊಡಿ

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ನಮ್ಮ ಭಾಗದ ಜಿಲ್ಲೆಗಳನ್ನು ಪಟ್ಟಿಯ ಕೆಳಗಿನಿಂದ ಹುಡುಕುವುದು ರೂಢಿಯಾಗಿಬಿಟ್ಟಿದೆ. 2024ರಲ್ಲಿ ಯಾದಗಿರಿ ಕೊನೆಯ ಸ್ಥಾನದಲ್ಲಿತ್ತು. 2025ರಲ್ಲಿ ಕಲಬುರಗಿ, ಅದೂ ಶೇ 42.43. ಫಲಿತಾಂಶ ಬಂದ ಮೇಲೆ ಸ್ವಲ್ಪ ದಿನ ಚರ್ಚೆ ನಡೆಯುತ್ತದೆ. ಹತ್ತನೇ ತರಗತಿಗೆ ವಿಶೇಷ ತರಗತಿ, ಸರಣಿ ಪರೀಕ್ಷೆ, ರಾತ್ರಿ ಓದು. ಇವೆಲ್ಲ ಬೇಕು. ಆದರೆ ನಾನು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸುವವಳು. ನಾನು ಕಂಡಂತೆ ಮಗು ಓದು-ಬರಹದಿಂದ ದೂರ ಸರಿಯುವುದು ನಾಲ್ಕು-ಐದನೇ ತರಗತಿಯಲ್ಲಿ. ಹತ್ತಕ್ಕೆ ಬರುವ ಹೊತ್ತಿಗೆ ತುಂಬಾ ತಡವಾಗಿರುತ್ತದೆ.

ಒಂದರಿಂದ ಮೂರನೇ ತರಗತಿವರೆಗೆ ನಮ್ಮಲ್ಲಿ ನಲಿ-ಕಲಿ ಇದೆ. ತೊಂಬತ್ತರ ದಶಕದಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾದ ಈ ಪದ್ಧತಿ 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಕಾರ್ಡಿನ ಮೇಲೆ ಚಿತ್ರ, ಪಕ್ಕದಲ್ಲಿ ಪದ. ತಲೆಯ ಮೇಲೆ ದಾರ ಕಟ್ಟಿದ ಕಲಿಕಾ ಚಪ್ಪರ, ಅದರಲ್ಲಿ ಮಕ್ಕಳೇ ಮಾಡಿದ ಚಿತ್ರ, ಅವರೇ ಬರೆದ ಹಾಳೆ. ಆ ತರಗತಿಯಲ್ಲಿ ಅಕ್ಷರ ಮತ್ತು ಚಿತ್ರ ಒಟ್ಟಿಗೇ ಇರುತ್ತವೆ. ಮಗು ನಾಲ್ಕಕ್ಕೆ ಬಂದ ಕೂಡಲೇ ಎರಡೂ ಬೇರೆಯಾಗುತ್ತವೆ. ಕನ್ನಡ ಅಂದರೆ ಪಾಠ ಓದು, ಬಿಟ್ಟ ಸ್ಥಳ ತುಂಬು, ಪ್ರಶ್ನೋತ್ತರ ಬರೆ. ಚಿತ್ರ ಶನಿವಾರದ ಕೊನೆಯ ಪೀರಿಯಡ್‌ಗೆ ಹೋಗುತ್ತದೆ, ಇಲ್ಲವೇ ಪ್ರತಿಭಾ ಕಾರಂಜಿಗೆ. ಅಲ್ಲಿ ಚೆನ್ನಾಗಿ ಬಿಡಿಸುವ ಒಬ್ಬರಿಗೋ ಇಬ್ಬರಿಗೋ ಬಹುಮಾನ ಸಿಗುತ್ತದೆ. ಉಳಿದವರು ತಮಗೆ ಬರೋದಿಲ್ಲ ಅಂತ ಪೆನ್ಸಿಲ್ ಕೆಳಗಿಡುತ್ತಾರೆ.

ನಾನು ಕೇಳುತ್ತಿರುವುದು ಚಂದದ ಚಿತ್ರವನ್ನಲ್ಲ. ಬರಹಕ್ಕೆ ದಾರಿ ಮಾಡಿಕೊಡುವ ಚಿತ್ರವನ್ನು.

ಒಂದು ಉದಾಹರಣೆ ಕೊಡುತ್ತೇನೆ. ಐದನೇ ತರಗತಿಗೆ 'ನಮ್ಮ ಹೊಲ' ಅಂತ ಪ್ರಬಂಧ ಬರೆಯಲು ಹೇಳಿದ್ದೆ. ಒಬ್ಬ ಹುಡುಗಿ ಬರೆದದ್ದು: 'ನಮ್ಮ ಹೊಲ ಇದೆ. ಹೊಲದಲ್ಲಿ ಬೆಳೆ ಬೆಳೆಯುತ್ತಾರೆ. ರೈತ ನಮ್ಮ ದೇಶದ ಬೆನ್ನೆಲುಬು.' ಅಲ್ಲಿಗೆ ಮುಗಿಯಿತು. ಮೂರನೆಯ ಸಾಲು ಎಲ್ಲರ ನೋಟ್‌ಬುಕ್ಕಿನಲ್ಲೂ ಇತ್ತು. ಮರುದಿನ ಬರೆಯಬೇಡಿ, ತೊಗರಿ ರಾಶಿ ಮಾಡುವುದನ್ನು ಚಿತ್ರ ತೆಗೆಯಿರಿ ಅಂದೆ. ಅದೇ ಹುಡುಗಿ ಮಶೀನು ಬಿಡಿಸಿದಳು. ಅದರ ಬಾಯಿಂದ ಹಾರುವ ಹೊಟ್ಟನ್ನು ಚುಕ್ಕಿ ಚುಕ್ಕಿಯಾಗಿ ಹಾಕಿದಳು. ಗೋಣಿಚೀಲ ಹಿಡಿದ ಅಪ್ಪ, ಟ್ರ್ಯಾಕ್ಟರ್ ಕೆಳಗೆ ಮಲಗಿದ ನಾಯಿ, ನೀರಿನ ಕೊಡ. ಒಬ್ಬ ಹೆಂಗಸಿಗೆ ಮಾತ್ರ ಕಣ್ಣು ಬಿಟ್ಟರೆ ಮುಖವೇ ಇರಲಿಲ್ಲ.

'ಇವರು ಯಾರವ್ವ?' ಅಂದೆ.

'ನಮ್ಮವ್ವರೀ ಟೀಚರ್. ಮಾರಿಗಿ ಟಾವೆಲ್ ಕಟ್ಕೊಂಡಾಳ.'

'ಯಾಕ?'

'ಧೂಳ ಭಾಳ ಹಾರ್ತದರೀ. ರಾತ್ರಿ ಮಟಾ ಕೆಮ್ತಾಳ.'

ಈಗ ಹೇಳಿದ್ದನ್ನೇ ಚಿತ್ರದ ಪಕ್ಕದಲ್ಲಿ ಬರೆ ಅಂದೆ. ಬರೆದಳು. ಆಮೇಲೆ ನಾಯಿಯ ಬಗ್ಗೆ, ಚೀಲ ಎಣಿಸುವವನ ಬಗ್ಗೆ, ಅಪ್ಪ ಮತ್ತು ವ್ಯಾಪಾರಿ ರೇಟಿಗಾಗಿ ಜಗಳ ಮಾಡಿದ್ದರ ಬಗ್ಗೆ. ಪುಟ ತುಂಬಿತು. ಒತ್ತಕ್ಷರ ತಪ್ಪಿತ್ತು, ದೀರ್ಘ ತಪ್ಪಿತ್ತು. 'ಮುಖ' ಅನ್ನದೆ 'ಮಾರಿ' ಅಂತ ಬರೆದದ್ದಕ್ಕೆ ನಾನು ಕೆಂಪು ಗೆರೆ ಎಳೆಯಲಿಲ್ಲ. ತಿದ್ದುವುದನ್ನು ಮುಂದಿನ ವಾರ ಅವಳ ಜೊತೆಗೇ ಕೂತು ಮಾಡಿದೆ. ಬರೆದದ್ದು ಅವಳದೇ ಆಗಿತ್ತಲ್ಲ, ಅದಕ್ಕೇ ತಿದ್ದಲು ಅವಳಿಗೂ ಬೇಸರ ಬರಲಿಲ್ಲ.

ಕಲಬುರಗಿ, ಯಾದಗಿರಿ, ಬೀದರ್, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ಚಿತ್ರದಿಂದ ಬರಹಕ್ಕೆ ಹೋಗಲು ಇನ್ನೊಂದು ಕಾರಣವೂ ಇದೆ. ತಾಂಡಾದ ಮಗು ಮನೆಯಲ್ಲಿ ಲಂಬಾಣಿ ಮಾತಾಡುತ್ತದೆ. ಸೇಡಂ, ಗುರುಮಠಕಲ್ ಕಡೆ ತೆಲುಗು. ಬೀದರ್, ಬಸವಕಲ್ಯಾಣದ ಕಡೆ ಮರಾಠಿ. ಊರೂರಲ್ಲಿ ಉರ್ದು. ಈ ಮಕ್ಕಳಿಗೆ ವಿಷಯ ಗೊತ್ತು, ಅದಕ್ಕೆ ಕನ್ನಡದ ಪದ ಮಾತ್ರ ಇನ್ನೂ ಬಾಯಿಗೆ ಬಂದಿಲ್ಲ. ಸುಮ್ನೆ ಕೂತ ಮಗುವನ್ನು ನಾವು ದಡ್ಡ ಅಂದುಕೊಳ್ಳುತ್ತೇವೆ. ಅದೇ ಮಗು ಚಿತ್ರ ಬಿಡಿಸಿದರೆ ಅದಕ್ಕೆ ಎಷ್ಟು ಗೊತ್ತು ಅನ್ನುವುದು ಎದುರಿಗೇ ಕಾಣುತ್ತದೆ. ಚಿತ್ರದ ಒಂದೊಂದು ವಸ್ತುವಿನಿಂದ ಗೆರೆ ಎಳೆದು ಅದರ ಹೆಸರನ್ನು ಕನ್ನಡದಲ್ಲಿ ಬರೆಸಿದರೆ ಅರ್ಧ ಕೆಲಸ ಆದ ಹಾಗೆ. ದುಡಿಯಲು ಪುಣೆ, ಮುಂಬೈಗೆ ಹೋದ ತಂದೆ-ತಾಯಿಯ ಜೊತೆ ಗುಳೆ ಹೋಗಿ ಬಂದ ಮಕ್ಕಳೂ ಹೀಗೆಯೇ. ಪಾಠ ತಪ್ಪಿರುತ್ತದೆ, ಆದರೆ ಕಟ್ಟಡದ ಕೆಲಸ ಹೇಗೆ ನಡೆಯುತ್ತದೆ ಅನ್ನುವುದನ್ನು ಇಟ್ಟಿಗೆ ಇಟ್ಟಿಗೆಯಾಗಿ ಬಿಡಿಸಬಲ್ಲರು.

ಇದು ನನ್ನೊಬ್ಬಳ ಅನಿಸಿಕೆಯಲ್ಲ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪದವನ್ನು ಮತ್ತೆ ಮತ್ತೆ ಬರೆದಾಗ ನೆನಪಿರುವುದಕ್ಕಿಂತ ಅದರ ಚಿತ್ರ ಬಿಡಿಸಿದಾಗ ಜಾಸ್ತಿ ನೆನಪಿರುತ್ತದೆ ಎಂದು ಕಂಡುಬಂತು. ಅವಸರದಲ್ಲಿ ಗೀಚಿದ ಚಿತ್ರವೂ ಸಾಕಾಗಿತ್ತು. ಆ ಅಧ್ಯಯನ ನಡೆದದ್ದು ಕಾಲೇಜು ವಿದ್ಯಾರ್ಥಿಗಳ ಮೇಲೆ, ನಿಜ. ಆದರೂ ಹತ್ತು ಸಲ ಇಂಪೊಸಿಷನ್ ಬರೆಸುವ ನಾವು ಯೋಚಿಸಬೇಕಾದ ಮಾತು ಅದರಲ್ಲಿದೆ.

ಬಿಡಿಸುವುದರಷ್ಟೇ ಮುಖ್ಯ ನೋಡುವುದು. ಅಮೆರಿಕದ ಅಬಿಗೇಲ್ ಹೌಸೆನ್ ಮತ್ತು ಫಿಲಿಪ್ ಯೆನವೈನ್ ರೂಪಿಸಿದ ಒಂದು ವಿಧಾನದಲ್ಲಿ ಶಿಕ್ಷಕರು ಕೇಳುವುದು ಮೂರೇ ಪ್ರಶ್ನೆ. ಈ ಚಿತ್ರದಲ್ಲಿ ಏನು ನಡೀತಿದೆ? ಏನು ನೋಡಿ ಹಾಗೆ ಹೇಳ್ತಿದ್ದೀರಿ? ಇನ್ನೂ ಏನೇನು ಕಾಣ್ತದೆ? ಎರಡನೆಯ ಪ್ರಶ್ನೆ ನನಗೆ ತುಂಬಾ ಇಷ್ಟ. ಗದ್ಯ ಓದಿ ಉತ್ತರ ಬರೆಯುವಾಗಲೂ ಮಗು ಕಲಿಯಬೇಕಾದದ್ದು ಅದೇ ಅಲ್ವಾ?

ನೋಡಲು ನಮಗೇನು ಕಡಿಮೆಯೇ? ಚಿತ್ತಾಪುರ ತಾಲ್ಲೂಕಿನ ಸನ್ನತಿ ಹತ್ತಿರದ ಕನಗನಹಳ್ಳಿಯಲ್ಲಿ, ಭೀಮಾ ನದಿಯ ದಂಡೆಯ ಮೇಲೆ, ಬೌದ್ಧ ಸ್ತೂಪದ ಸುಣ್ಣದಕಲ್ಲಿನ ಫಲಕಗಳು ಸಿಕ್ಕಿವೆ. ಒಂದರಲ್ಲಿ ರಾಣಿ ಮತ್ತು ಪರಿವಾರದವರ ಜೊತೆ ನಿಂತ ರಾಜನಿದ್ದಾನೆ. ಅದೇ ಕಲ್ಲಿನ ಮೇಲೆ ಬ್ರಾಹ್ಮಿ ಅಕ್ಷರದಲ್ಲಿ 'ರಾಜ ಅಶೋಕ' ಎಂಬ ಅರ್ಥದ ಬರಹವಿದೆ. ಆ ಬರಹ ಇರುವುದರಿಂದಲೇ ಈತ ಅಶೋಕ ಎಂದು ಖಚಿತವಾಗಿ ಹೇಳಲು ಆಗಿದ್ದು. ಬೇರೆ ಫಲಕಗಳಲ್ಲೂ ಬುದ್ಧನ ಹಿಂದಿನ ಜನ್ಮಗಳನ್ನು ಹೇಳುವ ಜಾತಕ ಕಥೆಗಳ ಚಿತ್ರ, ಅವುಗಳ ಹೆಸರು. ಸುಮಾರು ಎರಡು ಸಾವಿರ ವರ್ಷದ ಹಿಂದೆ ನಮ್ಮ ನೆಲದ ಶಿಲ್ಪಿ ಚಿತ್ರ ಮತ್ತು ಅಕ್ಷರವನ್ನು ಒಂದೇ ಕಲ್ಲಿನಲ್ಲಿ ಕೂರಿಸಿದ್ದಾನೆ. ಆದರೆ ನಮ್ಮ ಎಷ್ಟೋ ಮಕ್ಕಳು ಅಶೋಕನ ಪಾಠವನ್ನು ಪುಸ್ತಕದಲ್ಲಷ್ಟೇ ಓದಿ ಮುಗಿಸುತ್ತಾರೆ. ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ಬೀದರ್‌ನ ಮಕ್ಕಳಿಗೆ 1472ರ ಮಹಮೂದ್ ಗವಾನ್ ಮದರಸಾ ಇದೆ. ಅದರ ಗೋಡೆಯ ಬಣ್ಣದ ಹೆಂಚುಗಳಲ್ಲಿ ಅಕ್ಷರವೇ ಅಲಂಕಾರ. ಸುರಪುರಕ್ಕೆ ತನ್ನದೇ ಚಿತ್ರಕಲಾ ಪರಂಪರೆ ಇದೆ. ಕಲಬುರಗಿಯಲ್ಲಿ ಹುಟ್ಟಿದ ಎಸ್.ಎಂ. ಪಂಡಿತ್ ಅವರ ಪೌರಾಣಿಕ ಚಿತ್ರಗಳು ಕ್ಯಾಲೆಂಡರ್ ಆಗಿ ದೇಶದ ಮನೆಮನೆಗೆ ಹೋದವು. ಅವರ ಒಂದು ಚಿತ್ರವನ್ನು ಗೋಡೆಗೆ ಹಚ್ಚಿ ಕತೆ ಬರೆಯಿರಿ ಅಂದರೆ ಸಾಕು.

ಪೋರ್ಷನ್ ಮುಗಿಯುವುದಿಲ್ಲ ಅಂತ ಸಹೋದ್ಯೋಗಿಗಳು ಹೇಳುತ್ತಾರೆ. ಅವರ ಕಷ್ಟ ನನಗೂ ಇದೆ. ಆದರೆ ನಾನು ಕೇಳುವುದು ವಾರಕ್ಕೆ ಕನ್ನಡದ ಒಂದು ಪೀರಿಯಡ್. ಬಣ್ಣ, ಡ್ರಾಯಿಂಗ್ ಶೀಟ್ ಎಲ್ಲಿಂದ ತರುವುದು ಅನ್ನುವವರಿಗೂ ಉತ್ತರ ಇದೆ. ನಮ್ಮ ಎಷ್ಟೋ ಶಾಲೆಗಳ ನೆಲ ಶಹಾಬಾದ್ ಕಲ್ಲಿನದು. ಒಂದು ಸೀಮೆಸುಣ್ಣ ಕೊಟ್ಟರೆ ಒಬ್ಬೊಬ್ಬರಿಗೆ ಒಂದೊಂದು ಕಲ್ಲು. ಚಿತ್ರ ಅಲ್ಲಿ, ಬರಹ ನೋಟ್‌ಬುಕ್ಕಿನಲ್ಲಿ. ಅಂಗಡಿಯಿಂದ ರೆಡಿ ಚಿತ್ರದ ಹಾಳೆ ತಂದು ಕತ್ತರಿಸಿ ಅಂಟಿಸುವ 'ಪ್ರಾಜೆಕ್ಟ್' ಮಾತ್ರ ದಯವಿಟ್ಟು ಬೇಡ. ಅದರಲ್ಲಿ ಮಗು ನೋಡುವುದೂ ಇಲ್ಲ, ಬರೆಯುವುದೂ ಇಲ್ಲ. ತಂದೆ-ತಾಯಿಗೆ ಸುಮ್ನೆ ಖರ್ಚು.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೇ ಹತ್ತನೇ ತರಗತಿವರೆಗೆ ಕಲೆ ಬೇಕು ಎಂದಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಬೇರೆ ವಿಷಯಗಳ ಒಳಗೆ ಕಲೆಯನ್ನು ತರಬೇಕು ಅನ್ನುತ್ತದೆ. ನೀತಿ ಯಾರದೇ ಇರಲಿ, ಈ ಒಂದು ಮಾತಿಗೆ ಯಾರ ತಕರಾರೂ ಇರಲಾರದು. ಶಿಕ್ಷಣ ಇಲಾಖೆಗೆ ನನ್ನ ವಿನಂತಿ ಇಷ್ಟೇ. ನಾಲ್ಕರಿಂದ ಏಳನೇ ತರಗತಿಯ ಕನ್ನಡ ನೋಟ್‌ಬುಕ್ಕಿನಲ್ಲಿ ಒಂದು ಪುಟ ಗೆರೆಯಿಲ್ಲದ್ದು, ಪಕ್ಕದ ಪುಟ ಗೆರೆಯದ್ದು ಇರಲಿ. ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆಗೆ ಪ್ರೌಢಶಾಲೆಯ ಚಿತ್ರಕಲಾ ಶಿಕ್ಷಕರನ್ನು ಕರೆಸಿ, ಭಾಷಾ ಶಿಕ್ಷಕರ ಜೊತೆ ಕೂರಿಸಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ 'ಅಕ್ಷರ ಆವಿಷ್ಕಾರ'ದ ಹೆಸರಲ್ಲಿ ಶಾಲೆಗಳಿಗೆ ಹಣ ಕೊಡುತ್ತಿದೆ. ಅದರಲ್ಲಿ ಸ್ವಲ್ಪ ಪಾಲನ್ನು ಕ್ರೇಯಾನ್, ಹಾಳೆಗೆ ಮತ್ತು ಸನ್ನತಿಗೋ ಬೀದರ್ ಕೋಟೆಗೋ ಮಕ್ಕಳನ್ನು ಕರೆದೊಯ್ಯುವ ಬಸ್ಸಿಗೆ ಇಡಲಿ.

ತಮಗೂ ಒಂದು ಕೋರಿಕೆ. ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ತಿಂಗಳಿಗೊಮ್ಮೆ ಮೂರೂ ಜಿಲ್ಲೆಗಳ ಹಳ್ಳಿ ಶಾಲೆಗಳ ಮಕ್ಕಳ ಚಿತ್ರ ಮತ್ತು ಅದರ ಜೊತೆ ಅವರೇ ಬರೆದ ನಾಲ್ಕು ಸಾಲು ಪ್ರಕಟಿಸಿ. ಬಹುಮಾನ ಬೇಡ, ನಂಬರ್ ಬೇಡ. ಮಗು ಬರೆದಂತೆಯೇ ಅಚ್ಚಾಗಲಿ. ತಾವು ಒಪ್ಪಿದರೆ ನಮ್ಮ ಶಾಲೆಯಿಂದ ಮೊದಲ ಕಂತು ಕಳಿಸಲು ನಾನು ಸಿದ್ಧ.

ಇಂತಿ,
ಒಬ್ಬ ಕನ್ನಡ ಶಿಕ್ಷಕಿ
ಚಿತ್ತಾಪುರ ತಾಲ್ಲೂಕು, ಕಲಬುರಗಿ ಜಿಲ್ಲೆ